ಮೂವತ್ತು ವರ್ಷದ ಓಣಿ ಬಿಟ್ಟು ಹೋಗುವಾಗ ಯಾಕಿಷ್ಟು ಅಳು?

ಪ್ರಶ್ನೆ: ನನಗೆ 62 ವರ್ಷ. ಕಲಬುರಗಿಯ ಬ್ರಹ್ಮಪುರದಲ್ಲಿ ಇದ್ದೇನೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದೆ, ನಿವೃತ್ತಿಯಾಗಿ ಎರಡು ವರ್ಷವಾಯಿತು. ಯಜಮಾನರು ತೀರಿಕೊಂಡು ನಾಲ್ಕು ವರ್ಷ. ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನಲ್ಲಿದ್ದಾರೆ. ದೀಪಾವಳಿಯೊಳಗೆ ಮನೆ ಮಾರಿ ಬಂದುಬಿಡು ಎನ್ನುತ್ತಾರೆ. ಒಳ್ಳೆಯ ಮಕ್ಕಳು, ಅವರ ಮೇಲೆ ದೂರಿಲ್ಲ. ನಾನೂ ಒಪ್ಪಿದ್ದೇನೆ. ಆದರೆ ಒಪ್ಪಿದ ದಿನದಿಂದ ಸಣ್ಣಸಣ್ಣದಕ್ಕೂ ಅಳು ಬರುತ್ತದೆ. ನಳ ಬಂದ ದಿನ ಓಣಿಯವರೆಲ್ಲ ಕೊಡ ಹಿಡಿದು ನಿಂತಾಗ, ಸಂಜೆ ಪಕ್ಕದ ಮನೆಯ ಆಪಾ ಜೊತೆ ಕಟ್ಟೆಯ ಮೇಲೆ ಕೂತಾಗ, ಸೋಮವಾರ ಶರಣಬಸಪ್ಪನ ಗುಡಿಗೆ ಹೋದಾಗ. ಯಜಮಾನರು ಹೋದಾಗಲೂ ಇಷ್ಟು ಅತ್ತಿರಲಿಲ್ಲ. ಗಂಡನಿಗಿಂತ ಕಟ್ಟೆ ಹೆಚ್ಚಾಯಿತಾ ಎಂದು ನಾಚಿಕೆಯಾಗುತ್ತದೆ. ಎರಡು ಸಲ ಗ್ಯಾಸ್ ಮೇಲೆ ಹಾಲು ಇಟ್ಟು ಮರೆತೆ. ಬಿಪಿ, ಶುಗರ್ ಗುಳಿಗೆ ನಡೆದಿವೆ. ನಿದ್ದೆ ಬರದ ದಿನ ಮೆಡಿಕಲ್‌ನಿಂದ ತಂದ ಗುಳಿಗೆ ಅರ್ಧ ತಗೊಳ್ಳುತ್ತೇನೆ. ಮಗ "21 ದಿನ ಇದ್ದರೆ ರೂಢಿ ಆಗುತ್ತದೆ" ಎನ್ನುತ್ತಾನೆ. ತಂಗಿ "ಎಲ್ಲಾ ಒಮ್ಮೆಲೇ ಕಡಿದುಕೊಂಡು ಹೋಗು" ಎನ್ನುತ್ತಾಳೆ. ಆಪಾಗೆ ಇನ್ನೂ ಹೇಳಿಲ್ಲ. ನನಗೆ ಏನಾದರೂ ಕಾಯಿಲೆ ಶುರುವಾಗಿದೆಯಾ?

ಉತ್ತರ: ಶರಣ್ರೀ ಅಕ್ಕೋರೆ. ನಿಮ್ಮ ಪತ್ರದಲ್ಲಿ ಅಳು, ಮರೆವು, ಊರು ಬಿಡುವ ನಿರ್ಧಾರ ಮೂರೂ ಗಂಟುಬಿದ್ದಿವೆ. ಅತ್ತಾಗ ಮರೆವಿನ ಭಯ, ಮರೆತಾಗ ಒಬ್ಬಳೇ ಇರಲಾರೆ ಎಂಬ ಭಯ, ಆ ಭಯದಲ್ಲೇ ಮನೆ ಮಾರುವ ಅವಸರ. ಬಿಡಿಸಿ ನೋಡೋಣ. ಅಳುವಿಗಿಂತ ಮೊದಲು ಗುಳಿಗೆಯ ವಿಷಯ ಹೇಳಿಬಿಡುತ್ತೇನೆ.

ಮೆಡಿಕಲ್‌ನಿಂದ ತಂದ ಗುಳಿಗೆ ಎಂದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು. ನಮ್ಮ ಕಡೆ ನಿದ್ದೆಗೆಂದು ಹೀಗೆ ಕೈಗೆ ಸಿಗುವುದು ಹೆಚ್ಚಾಗಿ ಆಲ್ಪ್ರಜೋಲಾಮ್ ಅಥವಾ ಕ್ಲೋನಾಜೆಪಾಮ್. ಎರಡೂ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ಅರವತ್ತು ದಾಟಿದವರ ಮೈಯಲ್ಲಿ ಇವು ಬೇಗ ಇಳಿಯುವುದಿಲ್ಲ. ರಾತ್ರಿಯ ಅರ್ಧ ಗುಳಿಗೆಯ ಮಂಪರು ಮರುದಿನ ಮಧ್ಯಾಹ್ನದವರೆಗೂ ಇರಬಹುದು. ಹಾಲು ಇಟ್ಟು ಮರೆಯುವುದು, ಹೆಸರು ನೆನಪಾಗದೆ ತಡವರಿಸುವುದು, ರಾತ್ರಿ ಎದ್ದಾಗ ಕಾಲು ತಪ್ಪುವುದು ಎಲ್ಲಕ್ಕೂ ಇದೇ ಕಾರಣ ಇರಬಹುದು. ಇದನ್ನು ಓದಿದ ತಕ್ಷಣ ನಿಲ್ಲಿಸಿಬಿಡಬೇಡಿ. ತಿಂಗಳುಗಟ್ಟಲೆ ತಗೊಂಡಿದ್ದರೆ ಒಮ್ಮೆಲೇ ಬಿಟ್ಟಾಗ ನಿದ್ದೆ ಮತ್ತಷ್ಟು ಕೆಡುತ್ತದೆ, ಕೈ ನಡುಗುತ್ತದೆ, ಅಪರೂಪಕ್ಕೆ ಫಿಟ್ಸ್ ಕೂಡ ಬರುತ್ತದೆ. ಗುಳಿಗೆಯ ಸ್ಟ್ರಿಪ್ಪನ್ನೇ ಕೈಯಲ್ಲಿ ಹಿಡಿದು ಕಲಬುರಗಿಯ ಸರಕಾರಿ ಜಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೋ, ನಿಮ್ಮ ಬಿಪಿ ನೋಡುವ ಡಾಕ್ಟರ ಬಳಿಗೋ ಈ ವಾರವೇ ಹೋಗಿ. ಅವರು ಹಂತ ಹಂತವಾಗಿ ಇಳಿಸುತ್ತಾರೆ.

ಅದೇ ಭೇಟಿಯಲ್ಲಿ ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಸೋಡಿಯಂ ನೋಡಲು ಕೇಳಿ. ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಕಡಿಮೆಯಾಗುವುದುಂಟು. ಮಾಂಸ ತಿನ್ನದವರಲ್ಲಿ ಇನ್ನೂ ಜಾಸ್ತಿ. ಬಿಪಿಯ ಕೆಲವು ಗುಳಿಗೆಗಳು ಸೋಡಿಯಂ ಇಳಿಸುತ್ತವೆ. ಇವೆಲ್ಲ ಮರೆವು ತರುತ್ತವೆ, ಸರಿಪಡಿಸಲೂ ಬರುತ್ತದೆ. ನೀವು ಹೆದರುತ್ತಿರುವ ದೊಡ್ಡ ಮರೆವಿನ ಕಾಯಿಲೆ ಬೇರೆಯೇ ತರಹ ಶುರುವಾಗುತ್ತದೆ. ನಿತ್ಯ ಓಡಾಡುವ ಬೀದಿಯಲ್ಲಿ ದಾರಿ ತಪ್ಪುವುದು, ಕೇಳಿದ್ದನ್ನೇ ಗಳಿಗೆಗೊಮ್ಮೆ ಕೇಳುವುದು, ರೊಕ್ಕದ ಲೆಕ್ಕ ಹಿಡಿಯದೆ ಹೋಗುವುದು. ಅಂಥ ಮರೆವನ್ನು ಸಾಮಾನ್ಯವಾಗಿ ಮನೆಯವರು ಮೊದಲು ಗಮನಿಸುತ್ತಾರೆ. ನೀವು ಎರಡು ಸಲ ಹಾಲು ಉಕ್ಕಿದ್ದನ್ನು ನೆನಪಿಟ್ಟು ನನಗೆ ಬರೆದಿದ್ದೀರಿ. ಪತ್ರ ನೋಡಿ ರೋಗ ಹೇಳುವುದು ಸರಿಯಲ್ಲ. ಆದರೂ ನಿಮ್ಮ ವಿವರ ಓದಿದರೆ ನನಗೆ ಆ ಕಡೆ ಅನುಮಾನ ಹೋಗುವುದಿಲ್ಲ.

ಇನ್ನು ಅಳು.

ಗಂಡ ತೀರಿಕೊಂಡಾಗ ಬಾರದಷ್ಟು ಅಳು ಈಗ ಬರುತ್ತಿದೆ ಎಂದು ನಾಚಿಕೆ ಪಡುತ್ತಿದ್ದೀರಿ. ನನ್ನ ಬಳಿ ಬರುವ ಹಿರಿಯ ಹೆಣ್ಣುಮಕ್ಕಳಲ್ಲಿ ಈ ನಾಚಿಕೆಯನ್ನು ಬಹಳ ನೋಡಿದ್ದೇನೆ. ಇದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ, ಕೇಳಿ ಕೇಳಿ ತೆಗೆಯಬೇಕು. ಆ ದಿನಗಳನ್ನು ನೆನಪಿಸಿಕೊಳ್ಳಿ. ಮಣ್ಣು ಮುಗಿಸಿ ಬಂದವರಿಗೆ ಓಣಿಯವರು ರೊಟ್ಟಿ, ಪಲ್ಯ ತಂದಿಟ್ಟಿರುತ್ತಾರೆ. ಎರಡು ದಿನ ಬಿಟ್ಟು ನಳ ಬಂದಿರುತ್ತದೆ, ಎದ್ದು ನೀರು ತುಂಬಲೇಬೇಕು. ಶಾಲೆ ಕರೆದಿರುತ್ತದೆ. ದಾರಿಯಲ್ಲಿ ಯಾರೋ "ಅಕ್ಕೋರ, ಆರಾಮ ಇದ್ದೀರಿಲ್ರೀ?" ಎಂದಿರುತ್ತಾರೆ. ಆಗ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಅವೇ. ಈಗ ಅವೇ ಹೋಗುತ್ತಿವೆ. ಅಂದು ಅಳಲು ಪುರುಸೊತ್ತು ಸಿಗದ ದುಃಖವೂ ಇದರ ಜೊತೆ ಎದ್ದು ಬಂದಿದೆ. ನೀವು ಕಟ್ಟೆಗಾಗಿ ಅಳುವಾಗ ಅದರಲ್ಲಿ ಯಜಮಾನರೂ ಇದ್ದಾರೆ. ಕಟ್ಟೆಯ ಮೇಲೆ ಅವರು ಕೂರುತ್ತಿದ್ದ ಜಾಗ ನಿಮಗೆ ಗೊತ್ತು, ಅಲ್ವಾ?

ನಿತ್ಯದ ಸಣ್ಣ ಸಂಗತಿಗಳು ಕಾಣಲು ಸಣ್ಣವು, ಮಾಡುವ ಕೆಲಸ ದೊಡ್ಡದು. ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಒಂದೇ ಕೆಲಸವನ್ನು ವರ್ಷಗಟ್ಟಲೆ ಮಾಡಿದರೆ ಮಿದುಳು ಅದನ್ನು ಯೋಚನೆಯ ಪಟ್ಟಿಯಿಂದ ತೆಗೆದುಬಿಡುತ್ತದೆ. ಮಿದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗವಿದೆ. ರೂಢಿಗಳನ್ನು ನಡೆಸುವುದರಲ್ಲಿ ಅದರ ಪಾಲು ದೊಡ್ಡದು. ಸುತ್ತಲಿನ ಒಂದು ಗುರುತು ಸಿಕ್ಕರೆ ಸಾಕು, ಕೈ ತಾನೇ ನಡೆಯುತ್ತದೆ. ನೀವು ಬಿಪಿ ಗುಳಿಗೆ ಯಾವಾಗ ತಗೊಳ್ಳುತ್ತೀರಿ ಎಂದು ಕೇಳಿದರೆ ಬಹುಶಃ "ಹಾಲಿನವನು ಬಂದಾಗ" ಎನ್ನುತ್ತೀರಿ. ಗಡಿಯಾರ ನೋಡಿ ತಗೊಳ್ಳುವವರು ಕಡಿಮೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಹಾಲಿನ ಪ್ಯಾಕೆಟ್ ಬಾಗಿಲ ಹಿಡಿಕೆಗೆ ತೂಗುಹಾಕಿದ ಚೀಲಕ್ಕೆ ಬಂದು ಬೀಳುತ್ತದೆ. ಯಾರೂ ಕೂಗುವುದಿಲ್ಲ. ಗುಳಿಗೆ ತಪ್ಪುತ್ತದೆ. ಮಕ್ಕಳ ಮನೆಗೆ ಹೋದ ಮೇಲೆ ಬಿಪಿ ಏರಿತು ಎಂದು ಬರುವವರಲ್ಲಿ ಚಿಂತೆಯಿಂದ ಏರಿದ್ದೆಷ್ಟು, ಹೀಗೆ ಗುಳಿಗೆ ತಪ್ಪಿ ಏರಿದ್ದೆಷ್ಟು ಎಂದು ನಾನು ಯಾವಾಗಲೂ ಕೆದಕಿ ಕೇಳುತ್ತೇನೆ.

ಜಾಗ ಬದಲಾದಾಗ ಹಿರಿಯರು ಹೀಗೆ ಕಂಗೆಡುವುದು ವೈದ್ಯಲೋಕಕ್ಕೆ ಗೊತ್ತಿರುವ ವಿಷಯ. ಉತ್ತರ ಅಮೆರಿಕದ ಒಂದು ನರ್ಸಿಂಗ್ ಸಂಘಟನೆ 1992ರಲ್ಲೇ ಇದನ್ನು ಸ್ಥಳಾಂತರದ ಒತ್ತಡ ಎಂದು, ನರ್ಸುಗಳು ಗುರುತಿಸಬೇಕಾದ ತೊಂದರೆಗಳ ಪಟ್ಟಿಗೆ ಸೇರಿಸಿತು. ಹೋಗುವ ಮೊದಲೇ ಶುರುವಾಗಬಹುದು, ಹೋದ ಮೇಲೂ ಇರಬಹುದು. ನಿಮಗೆ ಬಂದಿರುವುದು ಬಹುಮಟ್ಟಿಗೆ ಇದೇ. ಇದು ಹುಚ್ಚಿನ ಮೊದಲ ಮೆಟ್ಟಿಲು ಎಂದು ಓಣಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ.

ಮಗ ಹೇಳುವ 21 ದಿನದ ಲೆಕ್ಕ ಎಲ್ಲಿಂದ ಬಂತು ನೋಡಿ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಎಂದರೂ 21 ದಿನ ಬೇಕು ಎಂದು ಬರೆದರು. "ಕಡಿಮೆ ಎಂದರೂ" ಎಂಬುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಹೊಸ ರೂಢಿ ಕೂರಲು 18ರಿಂದ 254 ದಿನದವರೆಗೂ ಲೆಕ್ಕ ಬಂತು. ನಡುವಿನ ಅಂಕಿ 66. ಅದೂ ಊಟದ ಜೊತೆ ಒಂದು ಹಣ್ಣು ತಿನ್ನುವಂಥ ಒಂದೊಂದೇ ರೂಢಿಗೆ. ನೀವು ಬದಲಿಸಲು ಹೊರಟಿರುವುದು ಇಡೀ ದಿನವನ್ನು. ಇಪ್ಪತ್ತೆರಡನೇ ದಿನ ಕಣ್ಣೀರು ಬಂದರೆ ಸೋತೆ ಎಂದುಕೊಳ್ಳಬೇಡಿ. ಮಗನಿಗೂ ಈ ಸಾಲು ಓದಿ ಹೇಳಿ. ಅವನು ಕೆಟ್ಟ ಮನಸ್ಸಿನಿಂದ ಹೇಳಿಲ್ಲ, ಧೈರ್ಯ ಕೊಡಲು ಹೇಳಿದ್ದಾನೆ.

ತಂಗಿಯವರು ಹೇಳುವ "ಒಮ್ಮೆಲೇ ಕಡಿದುಕೊಂಡು ಹೋಗು" ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುತ್ತದೆ. ಚಟ ಬಿಡುವವರಿಗೆ ಹೇಳುವ ಮಾತನ್ನು ನೆಂಟು ಬಿಡುವವರಿಗೆ ಹೇಳಿದಂತಾಯಿತು. ನೆದರ್‌ಲ್ಯಾಂಡ್ಸ್‌ನ ಇಬ್ಬರು ಸಂಶೋಧಕರು, ಸ್ಟ್ರೋಬೆ ಮತ್ತು ಶುಟ್, 1999ರಲ್ಲಿ ಒಂದು ಮಾತು ಮುಂದಿಟ್ಟರು. ದುಃಖದಲ್ಲಿರುವವರು ಕಳೆದುಕೊಂಡದ್ದರ ಕಡೆಗೂ ಮುಂದಿನ ಬದುಕಿನ ಕಡೆಗೂ ಹೋಗಿ ಬಂದು ಮಾಡುತ್ತಲೇ ಚೇತರಿಸಿಕೊಳ್ಳುತ್ತಾರೆ ಎಂದು. ಮುಂಜಾನೆ ಅತ್ತು ಮಧ್ಯಾಹ್ನ ಮೊಮ್ಮಗಳ ಜೊತೆ ನಕ್ಕರೆ ಎರಡೂ ನಿಜವೇ. ನನ್ನ ಅನುಭವವೂ ಇದೇ. ಊರಿನ ಫೋನು, ಊರಿನ ಸುದ್ದಿ, ಊರಿನ ಊಟ ಇಟ್ಟುಕೊಂಡವರು ಬೇಗ ಹೊಂದಿಕೊಳ್ಳುತ್ತಾರೆ. ಎಲ್ಲಾ ಮುಚ್ಚಿಟ್ಟವರು ವರ್ಷದ ಮೇಲೆ, ಯಾವುದೋ ಸಣ್ಣ ನೆಪಕ್ಕೆ ಕುಸಿಯುತ್ತಾರೆ.

ಈಗ ನಿರ್ಧಾರದ ಮಾತು. ದೀಪಾವಳಿಯೊಳಗೆ ಮಾರಿ ಹೋಗುವುದು ಲೆಕ್ಕಕ್ಕೆ ಸಲೀಸು. ಮನೆ ನೋಡಿಕೊಳ್ಳುವ ತಾಪತ್ರಯ ಇಲ್ಲ, ರೊಕ್ಕ ಕೈಗೆ ಬರುತ್ತದೆ. ಆದರೆ ಅಲ್ಲಿ ಹೊಂದಿಕೆಯಾಗದಿದ್ದರೆ ಮರಳಲು ಬಾಗಿಲು ಇರುವುದಿಲ್ಲ. ಬಾಗಿಲಿಲ್ಲ ಎಂಬ ಅರಿವೇ ಹೊಂದಿಕೊಳ್ಳುವುದನ್ನು ಕಷ್ಟ ಮಾಡುತ್ತದೆ. ದುಃಖ ಹಸಿಯಿರುವಾಗ ಆಸ್ತಿಯ ದೊಡ್ಡ ತೀರ್ಮಾನ ಬೇಡ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇನ್ನೊಂದು ಮಾತು, ನೇರವಾಗಿಯೇ ಹೇಳುತ್ತೇನೆ. ಮಾರುವ ಬದಲು ಮಗನ ಹೆಸರಿಗೆ ದಾನಪತ್ರ ಮಾಡುವ ಮಾತು ಬಂದರೆ, ಕೊನೆಯವರೆಗೆ ನನ್ನ ಅನ್ನ, ಔಷಧ, ಆರೈಕೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಪೋಷಕರ ಹಾಗೂ ಹಿರಿಯ ನಾಗರಿಕರ ಪಾಲನೆಗೆ 2007ರಲ್ಲಿ ಆದ ಕಾಯ್ದೆಯ 23ನೇ ಕಲಮು ಇದೆ. ಆ ಷರತ್ತು ಮುರಿದರೆ ಪತ್ರ ರದ್ದು ಮಾಡಿಸಲು ಅದರಲ್ಲಿ ದಾರಿಯಿದೆ. ಒಳ್ಳೆಯ ಮಗನಿಗೆ ಈ ಸಾಲು ನೋವು ಮಾಡಬಾರದು. ಒಳ್ಳೆಯ ಮಗ ತಾನೇ ಬರೆಸುತ್ತಾನೆ.

ಇಲ್ಲೇ ಒಬ್ಬರೇ ಇರುವುದೂ ತಪ್ಪು ದಾರಿಯಲ್ಲ. ಆಪಾ ಬಳಿ ಒಂದು ಬೀಗದ ಕೈ, ದಿನಕ್ಕೆರಡು ಹೊತ್ತು ಮಗನ ಫೋನು, ಬಚ್ಚಲಲ್ಲಿ ಹಿಡಿಕೆ ಇದ್ದರೆ ನಿಮ್ಮ ವಯಸ್ಸಿಗೆ ಸಾಧ್ಯ. ರಾತ್ರಿ ಬಿದ್ದರೆ, ಶುಗರ್ ಇಳಿದರೆ ಗೊತ್ತಾಗಲು ಬೆಳಗಾಗುತ್ತದೆ ಎಂಬ ಅಪಾಯ ಮಾತ್ರ ಉಳಿಯುತ್ತದೆ. ಅದನ್ನು ಮುಚ್ಚಿಟ್ಟು ಹೇಳಲಾರೆ.

ನನಗೆ ಸರಿ ಕಾಣುವುದು ಮನೆ ಮಾರದೆ ಮೂರು ನಾಲ್ಕು ತಿಂಗಳು ಹೋಗಿ ಇದ್ದು ನೋಡುವುದು. ಹಬ್ಬದ ವಾರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಬ್ಬದಲ್ಲಿ ಮನೆ ತುಂಬ ಜನ, ಎಲ್ಲರೂ ಒಳ್ಳೆಯವರು. ಸೋಮವಾರ ಮುಂಜಾನೆ ಮಗ, ಸೊಸೆ, ಮೊಮ್ಮಗಳು ಮೂವರೂ ಹೊರಗೆ ಹೋದ ಮೇಲೆ ಸಂಜೆಯವರೆಗೆ ನೀವು ಏನು ಮಾಡುತ್ತೀರಿ? ಪರೀಕ್ಷೆ ಆಗಬೇಕಾದ್ದು ಆ ಹೊತ್ತು. ಒಂದು ಭಾಗವನ್ನು ಗುರುತಿನವರಿಗೆ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಕೊಟ್ಟು, ಒಂದು ಕೋಣೆ ನಿಮಗೆ ಉಳಿಸಿಕೊಂಡರೆ ಮನೆಯಲ್ಲಿ ದೀಪವೂ ಉರಿಯುತ್ತದೆ. ಇದರಲ್ಲೂ ತೊಡಕಿದೆ. ಬೀಗ ಹಾಕಿದ ಮನೆ ಹಾಳಾಗುತ್ತದೆ, ಬಾಡಿಗೆಯವರ ಜೊತೆ ಕಿರಿಕಿರಿ ಬರಬಹುದು. ಎಲ್ಲಕ್ಕಿಂತ ದೊಡ್ಡ ತೊಡಕು, ಪ್ರಯೋಗ ಎಂದು ಹೋದವರು ವರ್ಷಗಟ್ಟಲೆ ಇಲ್ಲೂ ಇಲ್ಲ ಅಲ್ಲೂ ಇಲ್ಲ ಎಂದು ಉಳಿಯುವುದು. ಅಲ್ಲಿ ಚೀಲವನ್ನೂ ಬಿಚ್ಚದೆ ಕೂರುತ್ತಾರೆ. ಹಾಗಾಗಿ ಹೋಗುವ ಮೊದಲೇ ಯಾವ ತಿಂಗಳು ಎಲ್ಲರೂ ಕೂತು ತೀರ್ಮಾನ ಮಾಡುವುದು ಎಂದು ಹೇಳಿಕೊಂಡಿರಿ.

ನಡುವೆ ಒಮ್ಮೆ ಊರಿಗೆ ಬರುವುದು ಈಗ ಮೊದಲಿನಷ್ಟು ತ್ರಾಸಿಲ್ಲ. 2024ರ ಮಾರ್ಚಿನಿಂದ ಕಲಬುರಗಿ ಮತ್ತು ಬೆಂಗಳೂರಿನ ನಡುವೆ ವಂದೇ ಭಾರತ್ ಓಡುತ್ತಿದೆ, ಹಗಲಲ್ಲೇ ಮುಟ್ಟಬಹುದು. ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ರೊಕ್ಕ ಇಲ್ಲ. ಆದರೆ ಅಷ್ಟು ದೂರ ಕೂತು ಹೋಗುವುದು ನಿಮ್ಮ ಮೊಣಕಾಲಿಗೆ ಬಿಟ್ಟ ವಿಷಯ. ಎಳ್ಳಮಾಸಿಗೋ, ಶರಣಬಸಪ್ಪನ ಜಾತ್ರೆಗೋ ಬರುವ ಟಿಕೆಟನ್ನು ಹೋಗುವ ಮೊದಲೇ ತೆಗೆದಿಡಿ. ಬರುವ ದಿನ ಗೊತ್ತಿದ್ದರೆ ಹೋಗುವುದು ಹಗುರ.

ಇನ್ನು ಏನನ್ನು ಬಿಡುವುದು, ಏನನ್ನು ಒಯ್ಯುವುದು? ವಸ್ತುವಿನ ಪಟ್ಟಿಗಿಂತ ಮೊದಲು ನಿಮ್ಮ ಒಂದು ದಿನದ ಪಟ್ಟಿ ಬರೆಯಿರಿ. ಎದ್ದಾಗಿನಿಂದ ಮಲಗುವವರೆಗೆ. ಪ್ರತಿಯೊಂದರ ಮುಂದೆ ಅದು ನಿಮಗೆ ಏನು ಮಾಡಿಕೊಡುತ್ತದೆ ಎಂದು ಬರೆಯಿರಿ. ನಳದ ದಿನ ಅಂದರೆ ನೀರು ಮಾತ್ರವೇ? ಆರು ಜನರ ಮುಖ ನೋಡುವುದು, ಮೈಗೆ ಕೆಲಸ. ಗುಡಿ ಅಂದರೆ ದೇವರು, ಜೊತೆಗೆ ನಡಿಗೆ, ಬಿಸಿಲು. ಕಟ್ಟೆ ಅಂದರೆ ನಿಮ್ಮನ್ನು ಅಕ್ಕೋರು ಎಂದು ಗುರುತಿಸುವ ಜನ. ಬೆಂಗಳೂರಿನಲ್ಲಿ ನಳದ ಸರದಿ ಇರಲಾರದು, ಆದರೆ ದಿನಕ್ಕೆ ಆರು ಮುಖ ನೋಡುವ ಏರ್ಪಾಡು ಬೇಕೇಬೇಕು. ಅಪಾರ್ಟ್‌ಮೆಂಟಿನ ನಾಲ್ಕು ಮಕ್ಕಳಿಗೆ ಸಂಜೆ ಕನ್ನಡ ಹೇಳಿಕೊಟ್ಟರೆ ವಾರದೊಳಗೆ ನೀವು ಅಲ್ಲೂ ಟೀಚರ್ ಆಗುತ್ತೀರಿ. ಇಷ್ಟು ಆಗದೆ ಹೋದರೆ ಅಲ್ಲಿ ನೀವು ಇಂಥವರ ತಾಯಿ ಮಾತ್ರ. ಮೂವತ್ತು ವರ್ಷ ಪಾಠ ಹೇಳಿದವರಿಗೆ ಅದು ಸಾಲುವುದಿಲ್ಲ.

ರೊಟ್ಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಂಗಳೂರಿಗೆ ಹೋದ ನಮ್ಮ ಕಡೆಯ ಹೆಣ್ಣುಮಕ್ಕಳು "ನನ್ನ ಕೈಯೇ ಹೋಯಿತು, ರೊಟ್ಟಿ ಹರಿಯುತ್ತದೆ" ಎಂದು ನನ್ನ ಎದುರು ಅತ್ತಿದ್ದಾರೆ. ಕೈ ಹೋಗಿರುವುದಿಲ್ಲ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಕುದಿನೀರಿನ ಎಸರು ಮತ್ತು ಹೊಸ ಹಿಟ್ಟಿನ ಜಿಗಿ ಸೇರಿದರೆ ಮಾತ್ರ ಬಡಿಯಲು ಬರುತ್ತದೆ. ಅಂಗಡಿಯ ಪ್ಯಾಕೆಟ್ ಹಿಟ್ಟು ಬೀಸಿ ಎಷ್ಟು ದಿನ ಆಗಿರುತ್ತದೋ. ಜಿಗಿ ಹೋಗಿರುತ್ತದೆ. ಅಂಚಿನಲ್ಲಿ ಬಿರುಕು ಬಿಡುತ್ತದೆ, ಎತ್ತಿ ಹಂಚಿಗೆ ಹಾಕುವಾಗ ನಡುವೆ ಹರಿಯುತ್ತದೆ. ಮಾಲದಂಡಿ ಜೋಳವನ್ನು ಕಾಳಾಗಿಯೇ ಒಯ್ಯಿರಿ. ಹತ್ತಿರದ ಗಿರಣಿ ಎಲ್ಲಿದೆ ಎಂದು ಮಗ ಮೊದಲೇ ನೋಡಿಡಲಿ. ವಾರಕ್ಕೆ ಬೇಕಾದಷ್ಟೇ ಬೀಸಿಸಿಕೊಳ್ಳಿ. ಹಂಚು ಮತ್ತು ರೊಟ್ಟಿ ಮಾಡುವ ಕೊಣಮಿಗೆಗೆ ಟ್ರಕ್ಕಿನಲ್ಲಿ ಜಾಗ ಇಲ್ಲ ಎಂದು ಯಾರಾದರೂ ಹೇಳಿದರೆ ಸೋಫಾ ಇಳಿಸಿ ಎನ್ನಿ.

ಸಾಮಾನು ಖಾಲಿ ಮಾಡುವಾಗ ನೆನಪಿಲ್ಲದ ವಸ್ತುಗಳಿಂದ ಶುರು ಮಾಡಿ. ಹಳೆ ಪೇಪರು, ಪ್ಲಾಸ್ಟಿಕ್ ಡಬ್ಬಿ, ಒಡೆದ ಬಕೆಟ್ಟು. ಫೋಟೊ, ಯಜಮಾನರ ಕನ್ನಡಕ, ಅವರ ಅಂಗಿ ಕೊನೆಗೆ. ಯಾವುದೂ ತೀರ್ಮಾನವಾಗದ ವಸ್ತುಗಳಿಗೆ ಒಂದು ಟ್ರಂಕು ಇರಲಿ, ಅದನ್ನು ಈಗ ತೆರೆಯುವುದೇ ಬೇಡ. ಗುಜರಿಗೆ ತೂಕದ ಮೇಲೆ ಹಾಕುವ ಬದಲು ಬೇಕಾದವರ ಹೆಸರು ಹೇಳಿ ಕೊಡಿ. ಹಿತ್ತಾಳೆ ಹಂಡೆ ಯಾರ ಮನೆಯಲ್ಲಿದೆ ಎಂದು ಗೊತ್ತಿದ್ದರೆ ಕಳೆದುಕೊಂಡ ಹಾಗೆ ಆಗುವುದಿಲ್ಲ. ಮಗನಿಗೆ ನನ್ನದೊಂದು ವಿನಂತಿ. ತಾಯಿ ಮಲಗಿದಾಗಲೋ ಗುಡಿಗೆ ಹೋದಾಗಲೋ ಬೀರು ಖಾಲಿ ಮಾಡಬೇಡಿ. ಅವಸರ ಎಷ್ಟೇ ಇರಲಿ. ಇದರಿಂದ ಒಡೆದ ನಂಬಿಕೆ ಕೂಡಿಸಲು ಬಹಳ ದಿನ ಹಿಡಿಯುತ್ತದೆ.

ಆಪಾಗೆ ಇವತ್ತು ನಾಳೆಯಲ್ಲಿ ಹೇಳಿಬಿಡಿ. ಮನೆ ನೋಡಲು ಬಂದವರಿಂದ ಅವರಿಗೆ ಗೊತ್ತಾಗುವುದು ಬೇಡ. ಬಹುಶಃ ಇಬ್ಬರೂ ಅಳುತ್ತೀರಿ. ಅಳಿ, ತಪ್ಪೇನಿದೆ? ಈಗ ನೀವು ದಿನಾ ಅವರ ಪಕ್ಕ ಒಂದು ಗುಟ್ಟು ಇಟ್ಟುಕೊಂಡು ಕೂರುತ್ತಿದ್ದೀರಿ. ಕಟ್ಟೆಯ ಮೇಲೆ ಅಳು ಬರುವುದರಲ್ಲಿ ಆ ಭಾರವೂ ಸೇರಿದೆ ಎಂದು ನನಗೆ ಅನಿಸುತ್ತದೆ. ಹೇಳಿದ ಮೇಲೆ ಫೋನಿಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಸುಮ್ನೆ "ಫೋನ್ ಮಾಡ್ತಿರೋಣ" ಎಂದರೆ ಮೂರು ವಾರದಲ್ಲಿ ನಿಲ್ಲುತ್ತದೆ.

ಹೊಸ ಮನೆಯಲ್ಲಿ ಮೊದಲ ತಿಂಗಳು ಜಾಗ್ರತೆ ಬೇಕಾದ ಜಾಗ ಬಚ್ಚಲು. ನಿದ್ದೆಗಣ್ಣಿನಲ್ಲಿ ಕಾಲು ಹಳೇ ಮನೆಯ ದಾರಿ ಹಿಡಿಯುತ್ತದೆ. ಇಲ್ಲಿ ಎಡಕ್ಕೆ ತಿರುಗುತ್ತಿದ್ದವರು ಅಲ್ಲಿ ಎಡಕ್ಕೆ ತಿರುಗಿದರೆ ಗೋಡೆ. ಕಾಲಡಿ ನಮ್ಮ ಶಹಾಬಾದ್ ಫರಸಿಯೂ ಇಲ್ಲ, ನುಣ್ಣನೆಯ ಟೈಲ್ಸ್. ಮಂಚದಿಂದ ಬಚ್ಚಲವರೆಗೆ ರಾತ್ರಿ ದೀಪ, ಒಳಗೆ ಹಿಡಿಕೆ, ಜಾರದ ಮ್ಯಾಟ್ ನೀವು ಮುಟ್ಟುವ ಮೊದಲೇ ಹಾಕಿಸಲು ಮಗನಿಗೆ ಹೇಳಿ. ಗುಳಿಗೆಗೆ ಮೊಬೈಲಿನಲ್ಲಿ ಅಲಾರಂ ಇಡಿಸಿಕೊಳ್ಳಿ.

ಹೋದ ಮೇಲೆ ಕೆಲವು ವಾರ ಮನಸ್ಸು ಜಗ್ಗುವುದು ಸಹಜ. ಆರು ತಿಂಗಳೊಳಗೆ ಬಹಳ ಜನರಿಗೆ ತಾನಾಗಿ ಹಗುರಾಗುತ್ತದೆ. ಆದರೆ ಎರಡು ವಾರ ಬಿಡದೆ ದಿನದ ಹೆಚ್ಚು ಹೊತ್ತು ಮಂಕು ಕವಿದಿದ್ದರೆ, ಮೊಮ್ಮಗಳು ಬಂದರೂ ಮನಸ್ಸು ಅರಳದಿದ್ದರೆ, ಊಟ ಸೇರದೆ ತೂಕ ಇಳಿದರೆ, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿದ್ದರೆ ಅದು ಊರಿನ ನೆನಪಿಗಿಂತ ಮುಂದೆ ಹೋಗಿದೆ. ಖಿನ್ನತೆ ಇರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಮನೋವೈದ್ಯರನ್ನು ಕಾಣಿ. ಬದುಕಿದ್ದು ಏನು ಮಾಡಬೇಕು ಎಂಬ ಯೋಚನೆ ಒಮ್ಮೆ ಬಂದರೂ ತಡ ಮಾಡದೆ ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ರೊಕ್ಕ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ರಕ್ತದ ವರದಿ ಬಂದ ಮೇಲೆ ಅದರ ಅಂಕಿಗಳನ್ನೂ, ಆ ನಿದ್ದೆ ಗುಳಿಗೆಯ ಹೆಸರನ್ನೂ ನನಗೆ ಬರೆದು ಕಳಿಸಿ.